ಬಿಯೋಷಿಯದ ಮಣ್ಣಿನ ಬೊಂಬೆಗಳು ಮತ್ತು ಗೃಹಿಣಿಯ ಆದರ್ಶ

೧

ಪ್ರಾಚೀನ ಗ್ರೀಸಿನ ಸ್ತ್ರೀಯರ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಆಧಾರಗಳದು. ಕಾವ್ಯ, ನಾಟಕ, ನ್ಯಾಯಸ್ಥಾನದ ಭಾಷಣ, ತತ್ತ್ವಶಾಸ್ತ್ರ ಇವೆಲ್ಲದರಲ್ಲಿಯೂ ಸ್ತ್ರೀಯ ಪ್ರಸ್ತಾಪ ಹೇರಳವಾಗಿ ಬರುತ್ತದೆ. ಆದರೆ ಕೆಲವೇ ಅಪವಾದಗಳನ್ನು ಬಿಟ್ಟರೆ ಇವುಗಳನ್ನು ರಚಿಸಿದವರು ಪುರುಷರು. ಆದುದರಿಂದ ಚರಿತ್ರಕಾರನು ಸಾಹಿತ್ಯದ ಆಚೆಗೆ ಉಳಿದು ಬಂದಿರುವ ವಸ್ತುಗಳ ಕಡೆಗೆ ತಿರುಗುವುದು ಸಹಜ. ಅಂಥ ವಸ್ತುಗಳಲ್ಲಿ ಸುಟ್ಟ ಮಣ್ಣಿನ ಬೊಂಬೆಗಳಿಗೆ ವಿಶಿಷ್ಟವಾದ ಸ್ಥಾನವುಂಟು. ಅಮೃತಶಿಲೆಯ ಮತ್ತು ಕಂಚಿನ ಮೂರ್ತಿಗಳು ಸಿರಿವಂತರ ಹಾಗೂ ನಗರರಾಜ್ಯಗಳ ಸೊತ್ತು. ಮಣ್ಣಿನ ಬೊಂಬೆ ಸಾಮಾನ್ಯನ ಕೈಗೂ ಎಟುಕುವಂಥದು. ಅದು ಮನೆಯಲ್ಲಿ ಇರುತ್ತಿತ್ತು, ದೇವಾಲಯಕ್ಕೆ ಹರಕೆಯಾಗಿ ಸಲ್ಲುತ್ತಿತ್ತು, ಸತ್ತವರೊಡನೆ ಗೋರಿಯನ್ನೂ ಸೇರುತ್ತಿತ್ತು.

ಇಂಥ ಬೊಂಬೆಗಳಿಗೆ ಹೆಸರಾದ ನಾಡು, ಅಥೆನ್ಸಿನ ವಾಯವ್ಯಕ್ಕಿರುವ ಬಿಯೋಷಿಯ ಪ್ರಾಂತ. ಇಲ್ಲಿನ ನೆಲದಿಂದ ದೊರೆತ ಸ್ತ್ರೀಬೊಂಬೆಗಳಲ್ಲಿ ಎರಡು ಗುಂಪುಗಳು ಎದ್ದು ಕಾಣುತ್ತವೆ. ಕ್ರಿ. ಪೂ. ೬ನೆಯ ಶತಮಾನದ ಕೊನೆಗೂ ೫ನೆಯ ಶತಮಾನದ ಮೊದಲಿಗೂ ಸೇರಿದ ಮೊದಲನೆಯ ಗುಂಪಿನಲ್ಲಿ ಹೆಂಗಸರು ಮನೆಗೆಲಸದಲ್ಲಿ ತೊಡಗಿದ್ದಾರೆ. ಕ್ರಿ. ಪೂ. ೪ನೆಯ ಶತಮಾನದ ಉತ್ತರಾರ್ಧದಿಂದ ಮುಂದಕ್ಕೆ ಬರುವ ಎರಡನೆಯ ಗುಂಪಿನಲ್ಲಿ, ಎಂದರೆ ಲೋಕಪ್ರಸಿದ್ಧವಾದ ತನಾಗ್ರದ ಬೊಂಬೆಗಳಲ್ಲಿ, ಹೆಂಗಸರು ಯಾವ ಕೆಲಸವನ್ನೂ ಮಾಡದೆ, ಉಡುಗೆಯಲ್ಲಿ ಮೈ ಮರೆಸಿಕೊಂಡು ಸುಮ್ಮನೆ ನಿಂತಿದ್ದಾರೆ. ಸುಮಾರು ಒಂದೂವರೆ ಶತಮಾನದ ಅಂತರದಲ್ಲಿ ಬಿಯೋಷಿಯದ ಗೃಹಿಣಿಗೆ ದುಡಿಮೆಯಿಂದ ಬಿಡುಗಡೆ ದೊರೆಯಿತೆ? ಹಾಗಲ್ಲವೆಂದಾದರೆ ಈ ವ್ಯತ್ಯಾಸದ ಅರ್ಥವೇನು? ಎರಡು ಗುಂಪುಗಳನ್ನೂ ಜೊತೆಗಿಟ್ಟು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೨

ಬೊಂಬೆಗಳನ್ನು ನೋಡುವ ಮೊದಲು ಬಿಯೋಷಿಯದವನೇ ಆದ ಒಬ್ಬ ಕವಿಯನ್ನು ನೆನೆಯುವುದು ಅವಶ್ಯಕ. ಹೆಲಿಕನ್ ಬೆಟ್ಟದ ತಪ್ಪಲಿನ ಅಸ್ಕ್ರ ಗ್ರಾಮದಲ್ಲಿ ಕ್ರಿ. ಪೂ. ೭೦೦ರ ಸುಮಾರಿಗೆ ಬಾಳಿದ ಹೆಸಿಯಡನು, ಮೊತ್ತಮೊದಲ ಹೆಣ್ಣು ಹುಟ್ಟಿದ ಕಥೆಯನ್ನು ತನ್ನ ಎರಡು ಕಾವ್ಯಗಳಲ್ಲಿಯೂ ಹೇಳಿದ್ದಾನೆ. ಮಾನವರಿಗೆ ಬೆಂಕಿ ದೊರೆತುದಕ್ಕೆ ಪ್ರತೀಕಾರವಾಗಿ ಸ್ಯೂಸ್ ದೇವನು ಆಜ್ಞೆಮಾಡಲು, ದೇವಶಿಲ್ಪಿಯಾದ ಹೆಫೆಸ್ಟಸನು ಮಣ್ಣಿನಿಂದ ಕನ್ಯೆಯೊಬ್ಬಳನ್ನು ರೂಪಿಸುತ್ತಾನೆ. 'ಕೆಲಸಗಳು ಮತ್ತು ದಿನಗಳು' ಎಂಬ ಕಾವ್ಯದಲ್ಲಿ ಅವಳಿಗೆ ಪಂಡೋರ ಎಂಬ ಹೆಸರಿದೆ. ಅವಳಿಗೆ ನೇಯ್ಗೆಯನ್ನು ಕಲಿಸಬೇಕೆಂದು ಅಥೀನ ದೇವಿಗೆ ಅಪ್ಪಣೆಯಾಗುತ್ತದೆ. 'ದೇವವಂಶಾವಳಿ' ಎಂಬ ಕಾವ್ಯದಲ್ಲಾದರೋ ಅದೇ ಅಥೀನ ದೇವಿಯು ಅವಳಿಗೆ ಬೆಳ್ಳಿಯಂತೆ ಹೊಳೆವ ಉಡುಪನ್ನು ಉಡಿಸಿ ತಲೆಯ ಮೇಲಿನಿಂದ ಚಿತ್ತಾರದ ಮುಸುಕನ್ನು ಹೊದಿಸುತ್ತಾಳೆ. ಒಂದು ಕಡೆ ಕೈಗೆ ಕೆಲಸ, ಇನ್ನೊಂದು ಕಡೆ ಮೈಗೆ ಮುಸುಕು. ಹೆಣ್ಣಿನ ಮೇಲೆ ಹೊರಿಸಲಾದ ಎರಡು ನಿರೀಕ್ಷಣೆಗಳು ಹೀಗೆ ಆರಂಭದಲ್ಲಿಯೇ ಹೆಸರಿಸಲ್ಪಟ್ಟಿವೆ.

ಈ ಕಥೆಯ ಪ್ರಕಾರ ಆದಿಸ್ತ್ರೀಯೇ ಒಂದು ಮಣ್ಣಿನ ಬೊಂಬೆ. ಕವಿಯು ಹೆಫೆಸ್ಟಸನ ಕೆಲಸಕ್ಕೆ ಬಳಸಿದ ಕ್ರಿಯಾಪದದ ಧಾತುವಿನಿಂದಲೇ ಗ್ರೀಕರು ಬೊಂಬೆ ಮಾಡುವವನ ವೃತ್ತಿನಾಮವನ್ನೂ ಪಡೆದರು. ಬೊಂಬೆಗಾರನಿಗೆ 'ಕೊರೊಪ್ಲಾಸ್ಟಿಸ್' ಎಂದು ಹೆಸರು. 'ಕೊರೆ' ಎಂಬುದಕ್ಕೆ ಕನ್ಯೆಯೆಂದೂ ಬೊಂಬೆಯೆಂದೂ ಎರಡು ಅರ್ಥಗಳು. ಕೊರೊಪ್ಲಾಸ್ಟಿಸ್ ಎಂದರೆ ಕನ್ಯೆಯರನ್ನು ಮಣ್ಣಿನಿಂದ ರೂಪಿಸುವವನು. ಬಿಯೋಷಿಯದ ಕುಂಬಾರರು ಹೆಸಿಯಡನ ಕಾವ್ಯವನ್ನು ಮುಂದಿಟ್ಟುಕೊಂಡು ಬೊಂಬೆಗಳನ್ನು ಮಾಡಿದರೆಂದು ಹೇಳುವುದು ಸಾಧುವಲ್ಲ. ಆದರೆ ಕವಿಯ ಮಾತಿಗೂ ಕುಂಬಾರನ ಕೈಗೂ ಹಿನ್ನೆಲೆಯಾಗಿದ್ದ ಭಾವನೆ ಒಂದೇ ಎಂಬುದು ಮುಂದಿನ ವಿವೇಚನೆಯಿಂದ ವಿಶದವಾಗುವುದು.

೩

ಮೊದಲನೆಯ ಗುಂಪಿನ ಬೊಂಬೆಗಳು ಬಹುಮಟ್ಟಿಗೆ ಕೈಯಿಂದಲೇ ತಿದ್ದಿದವು. ಕೆಲವಕ್ಕೆ ಮುಖವನ್ನು ಮಾತ್ರ ಅಚ್ಚಿನಿಂದ ತೆಗೆದು ಜೋಡಿಸಿರುವುದುಂಟು. ಗೇಣುದ್ದವನ್ನು ಮೀರದ ಈ ಮೂರ್ತಿಗಳಲ್ಲಿ ಅಂಗಸೌಷ್ಠವವನ್ನು ಅರಸಬಾರದು. ತೋಳುಗಳು ಮಣ್ಣನ್ನು ಹೊಸೆದು ಮಾಡಿದ ಬತ್ತಿಗಳಂತಿವೆ. ಬೆರಳುಗಳನ್ನು ಬಿಡಿಸಿ ತೋರಿಸುವ ಗೋಜಿಗೆ ಕುಂಬಾರನು ಹೋಗಿಲ್ಲ. ಆದರೆ ಕೆಲಸದ ಭಂಗಿಯನ್ನು ಮಾತ್ರ ಅವನು ಚೆನ್ನಾಗಿ ಕಂಡಿದ್ದಾನೆ. ಒಬ್ಬಳು ಮರಿಗೆಯ ಮೇಲೆ ಬಾಗಿ ಹಿಟ್ಟನ್ನು ನಾದುತ್ತಿದ್ದಾಳೆ. ಭಾರವೆಲ್ಲ ಭುಜಗಳ ಮೇಲೆ ಬಿದ್ದಿದೆ. ಇನ್ನೊಬ್ಬಳು ಕುಳಿತು ಚೀಸನ್ನು ತುರಿಯುತ್ತಿದ್ದಾಳೆ. ಮತ್ತೊಬ್ಬಳು ಒಲೆಯ ಮುಂದಿದ್ದಾಳೆ. ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಥೀಬ್ಸ್ ನಗರದ ಕಡೆಯಿಂದ ಬಂದ ಒಂದು ಗುಂಪುಮೂರ್ತಿಯಿದೆ. ಅದರಲ್ಲಿ ಹಲವು ಹೆಂಗಸರು ಸಾಲಾಗಿ ನಿಂತು ಒಂದೇ ಮರಿಗೆಯಲ್ಲಿ ಹಿಟ್ಟು ನಾದುತ್ತಿರಲು, ಜೋಡಿಕೊಳಲನ್ನು ಊದುವವರೊಬ್ಬರು ಪಕ್ಕದಲ್ಲಿದ್ದಾರೆ. ಶ್ರಮಕ್ಕೆ ಲಯವನ್ನು ಹೊಂದಿಸಿ ಬಳಲಿಕೆಯನ್ನು ಮರೆಯುವ ಪದ್ಧತಿ ಅಲ್ಲಿಯೂ ಇತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ.

ಬಾಸ್ಟನ್ ನಗರದ ವಸ್ತುಸಂಗ್ರಹಾಲಯದಲ್ಲಿರುವ ಇನ್ನೊಂದು ಬೊಂಬೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಹೆಂಗಸೊಬ್ಬಳು ಅಡಿಗೆ ಮಾಡುತ್ತಿದ್ದಾಳೆ. ಚಿಕ್ಕ ಹುಡುಗಿಯೊಬ್ಬಳು ಬಳಿಯಲ್ಲಿ ನಿಂತು ನೋಡುತ್ತಿದ್ದಾಳೆ. ಗೃಹಕೃತ್ಯವು ಪಾಠಶಾಲೆಯಲ್ಲಿ ಕಲಿಸುವ ವಿದ್ಯೆಯಾಗಿರಲಿಲ್ಲ; ನೋಡಿ ಕಲಿಯುವುದಾಗಿತ್ತು. ಒಂದು ತಲೆಮಾರಿನ ಕರ್ತವ್ಯವು ಮುಂದಿನ ತಲೆಮಾರಿನ ನಿರೀಕ್ಷೆಯಾಗಿ ಪರಿಣಮಿಸುವ ಕ್ರಮವನ್ನು ಹಿಡಿಮಣ್ಣಿನಲ್ಲಿ ತೋರಿಸಿರುವ ಈ ಕೃತಿಯು, ಗಾತ್ರದಲ್ಲಿ ಅಲ್ಪವಾದರೂ, ಚರಿತ್ರೆಯ ಆಧಾರವಾಗಿ ಅಲ್ಪವಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಕೆಲಸದಲ್ಲಿ ತೊಡಗಿದ ಪುರುಷರ ಬೊಂಬೆಗಳೂ ಇದೇ ಕಾಲದಲ್ಲಿ, ಇದೇ ನಾಡಿನಲ್ಲಿ ತಯಾರಾದುವು. ಜೋಡಿ ಎತ್ತುಗಳನ್ನು ಹೂಡಿ ನೇಗಿಲು ಹಿಡಿದ ರೈತ, ಗಿರಾಕಿಯ ತಲೆಗೂದಲನ್ನು ಕತ್ತರಿಸುತ್ತಿರುವ ಕ್ಷೌರಿಕ, ಗರಗಸವನ್ನು ಹಿಡಿದ ಬಡಗಿ, ಬರೆಯುತ್ತ ಕುಳಿತ ಲಿಪಿಕಾರ ಇವರೆಲ್ಲ ಮಣ್ಣಿನಲ್ಲಿ ಮೂಡಿದ್ದಾರೆ. ಆದುದರಿಂದ ಶ್ರಮದ ಚಿತ್ರಣವೆಂಬುದು ಸ್ತ್ರೀಯರಿಗೆ ಮಾತ್ರ ಮೀಸಲಾಗಿರಲಿಲ್ಲ. ಆದರೆ ಎರಡನ್ನೂ ಹೋಲಿಸಿದಾಗ ಭೇದವು ಕಾಣುತ್ತದೆ. ಪುರುಷನಿಗೆ ಹೊಲ, ಅಂಗಡಿ, ಬರಹ ಎಂದು ಬೇರೆಬೇರೆ ವೃತ್ತಿಗಳಿವೆ. ಅವನು ಮಾಡುವ ಕೆಲಸವೇ ಅವನ ಹೆಸರು. ಹೆಂಗಸಿನ ಕೆಲಸಗಳು ಹೆಚ್ಚಾಗಿ ಒಲೆಯ ಸುತ್ತಲೇ ಸುತ್ತುತ್ತವೆ. ಅವುಗಳಿಗೆ ವೃತ್ತಿಯೆಂಬ ಹೆಸರಿಲ್ಲ, ಮುಗಿತಾಯವೂ ಇಲ್ಲ. ಇಂದು ನಾದಿದ ಹಿಟ್ಟನ್ನು ನಾಳೆ ಮತ್ತೆ ನಾದಬೇಕು.

೪

ಹಿಟ್ಟು ನಾದುವ ಈ ಹೆಂಗಸು ಯಾರು? ಮನೆಯ ಒಡತಿಯೋ, ದಾಸಿಯೋ? ಬೊಂಬೆಯ ಉಡುಗೆಯಿಂದಾಗಲಿ ಮುಖದಿಂದಾಗಲಿ ಇದನ್ನು ನಿರ್ಣಯಿಸಲಾಗದು. ಸಾಹಿತ್ಯವು ಎರಡೂ ಪಕ್ಷಗಳಿಗೆ ಆಧಾರವನ್ನು ಒದಗಿಸುತ್ತದೆ. 'ಒಡಿಸ್ಸಿ' ಮಹಾಕಾವ್ಯದ ೨೦ನೆಯ ಸರ್ಗದಲ್ಲಿ ಅರಸನ ಮನೆಯ ಬೀಸುವ ಕಲ್ಲುಗಳ ಮುಂದೆ ದುಡಿಯುವ ಹನ್ನೆರಡು ಮಂದಿ ಹೆಂಗಸರ ಪ್ರಸ್ತಾಪವಿದೆ. ಉಳಿದವರೆಲ್ಲ ತಮ್ಮ ಪಾಲನ್ನು ಮುಗಿಸಿ ಮಲಗಿದ್ದರೂ ಅವರಲ್ಲಿ ಅತ್ಯಂತ ದುರ್ಬಲಳಾದವಳು ಮಾತ್ರ ಬೆಳಗಿನ ಜಾವದಲ್ಲಿ ಇನ್ನೂ ಬೀಸುತ್ತಿರುತ್ತಾಳೆ; ತನ್ನ ಮೊಣಕಾಲುಗಳ ಬಲವನ್ನೆಲ್ಲ ಸವೆಸಿದ ವಿವಾಹಾಕಾಂಕ್ಷಿಗಳಿಗೆ ಇದೇ ಕಡೆಯ ಊಟವಾಗಲಿ ಎಂದು ಪ್ರಾರ್ಥಿಸುತ್ತಾಳೆ. ಮತ್ತೊಂದು ಕಡೆ, ಕ್ರಿ. ಪೂ. ೭ನೆಯ ಶತಮಾನದ ಸಿಮೊನಿಡಿಸ್ ಎಂಬ ಅಮೋರ್ಗಸಿನ ಕವಿಯು ಹೆಂಗಸರನ್ನು ಹಂದಿ, ನರಿ, ನಾಯಿ ಮೊದಲಾದ ಜಾತಿಗಳಾಗಿ ವಿಂಗಡಿಸುತ್ತ, ಬೀಸುವ ಕಲ್ಲನ್ನೂ ಜರಡಿಯನ್ನೂ ಮುಟ್ಟದ ಹೆಂಡತಿಯನ್ನು ಕುದುರೆಯ ಜಾತಿಯವಳೆಂದು ಹಳಿಯುತ್ತಾನೆ. ಅವನ ಪಟ್ಟಿಯಲ್ಲಿ ಮೆಚ್ಚುಗೆಗೆ ಪಾತ್ರಳಾದವಳು ಜೇನಿನಿಂದ ಹುಟ್ಟಿದವಳೊಬ್ಬಳೇ.

ಇದೇ ಜೇನಿನ ಉಪಮಾನವು ಕ್ರಿ. ಪೂ. ೪ನೆಯ ಶತಮಾನದಲ್ಲಿ ಅಥೆನ್ಸಿನ ಜೆನೊಫನ್ ಬರೆದ 'ಗೃಹನಿರ್ವಹಣೆ' ಎಂಬ ಸಂವಾದದಲ್ಲಿ ಮತ್ತೆ ಬರುತ್ತದೆ. ಅಲ್ಲಿನ ಇಸ್ಕೊಮಾಕಸ್ ಎಂಬ ಭೂಮಾಲಿಕನ ಹೆಂಡತಿ ಹದಿನೈದು ತುಂಬುವ ಮೊದಲೇ ಅವನ ಮನೆಗೆ ಬಂದವಳು. ಆದಷ್ಟು ಕಡಿಮೆ ನೋಡಿ, ಕಡಿಮೆ ಕೇಳಿ, ಕಡಿಮೆ ಪ್ರಶ್ನಿಸುವಂತೆ ಬೆಳೆಸಲ್ಪಟ್ಟವಳು. ಗೂಡಿನೊಳಗೆ ಉಳಿದು ಎಲ್ಲರ ದುಡಿಮೆಯನ್ನೂ ನೋಡಿಕೊಳ್ಳುವ ರಾಣಿಜೇನಿನಂತೆ ಅವಳು ಇರಬೇಕೆಂದು ಗಂಡನ ಉಪದೇಶ. ಅವಳು ಮುಖಕ್ಕೆ ಸಫೇದವನ್ನು ಬಳಿದುಕೊಂಡು ಎತ್ತರದ ಪಾದರಕ್ಷೆಗಳನ್ನು ಮೆಟ್ಟಿ ಬಂದಾಗ, ಅದು ವಂಚನೆಯೆಂದು ಹೇಳಿ, ಹಿಟ್ಟು ನಾದುವುದೂ ಬಟ್ಟೆಗಳನ್ನು ಕೊಡಹಿ ಮಡಿಸುವುದೂ ಒಳ್ಳೆಯ ವ್ಯಾಯಾಮವೆಂದೂ ಅದರಿಂದ ಮುಖಕ್ಕೆ ನಿಜವಾದ ಬಣ್ಣವೇರುವುದೆಂದೂ ಬೋಧಿಸುತ್ತಾನೆ. ಮನೆಯಲ್ಲಿ ದಾಸಿಯರಿದ್ದರೂ ಒಡತಿಯು ನಾದಬೇಕು. ಹೊಟ್ಟೆಗಾಗಿ ಅಲ್ಲದಿದ್ದರೆ ಶೀಲಕ್ಕಾಗಿ. ಜೆನೊಫನ್ ಅಥೆನ್ಸಿನವನೆಂಬುದನ್ನೂ ನಮ್ಮ ಬೊಂಬೆಗಳಿಗಿಂತ ಒಂದು ಶತಮಾನ ಈಚಿನವನೆಂಬುದನ್ನೂ ಮರೆಯಬಾರದು. ಆದರೂ ಅವನ ಮಾತಿನಿಂದ ಒಂದು ಸಂಗತಿ ತಿಳಿಯುತ್ತದೆ. ದಾಸಿಗೆ ದಂಡನೆಯಂತಿದ್ದ ಕೆಲಸವೇ ಒಡತಿಗೆ ಭೂಷಣವೆಂದು ಹೇಳಲ್ಪಡುತ್ತಿತ್ತು. ಬೊಂಬೆಯು ಇಬ್ಬರಲ್ಲಿ ಯಾರೆಂದು ಹೇಳದೆ ಉಳಿದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

೫

ಈಗ ಎರಡನೆಯ ಗುಂಪಿಗೆ ಬರೋಣ. ಕ್ರಿ. ಪೂ. ೩೩೫ರಲ್ಲಿ ಅಲೆಗ್ಸಾಂಡರನು ಥೀಬ್ಸ್ ನಗರವನ್ನು ನೆಲಸಮಗೊಳಿಸಿದನು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಥೆನ್ಸಿನಲ್ಲಿ ಹುಟ್ಟಿದ ಹೊಸ ಬಗೆಯ ಬೊಂಬೆಗಳು ನೆರೆಯ ಬಿಯೋಷಿಯಕ್ಕೆ ಹರಡಿ, ತನಾಗ್ರದ ಗೋರಿಗಳಲ್ಲಿ ಅಸಂಖ್ಯವಾಗಿ ದೊರೆತುದರಿಂದ ಆ ಊರಿನ ಹೆಸರನ್ನೇ ಪಡೆದುವು. ಇವುಗಳ ತಯಾರಿಕೆಯ ಕ್ರಮವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯಕ. ಏಕೆಂದರೆ ಇಲ್ಲಿ ತಂತ್ರಕ್ಕೂ ಅರ್ಥಕ್ಕೂ ನಿಕಟ ಸಂಬಂಧವಿದೆ.

ಕುಶಲಿಯಾದ ಬೊಂಬೆಗಾರನು ಮೊದಲು ಜೇಡಿಯಿಂದಲೋ ಮೇಣದಿಂದಲೋ ಮಾದರಿಯನ್ನು ಸಿದ್ಧಪಡಿಸುತ್ತಿದ್ದನು. ಅದರ ಮೇಲೆ ಮಣ್ಣನ್ನು ಒತ್ತಿ ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು ಅಚ್ಚನ್ನು ತೆಗೆದು, ಅವನ್ನು ಸುಟ್ಟು ಗಟ್ಟಿಮಾಡುತ್ತಿದ್ದನು. ಅನಂತರ ಹದವಾದ ಮಣ್ಣಿನ ತೆಳು ಹಾಳೆಯನ್ನು ಅಚ್ಚಿನೊಳಗೆ ಒತ್ತಿ, ಅದು ಅರೆಯೊಣಗಿ ಕುಗ್ಗಿ ತಾನೇ ಬಿಟ್ಟುಕೊಂಡಾಗ ಹೊರತೆಗೆದು, ಎರಡು ಭಾಗಗಳನ್ನೂ ಮಣ್ಣಿನ ಗಂಜಿಯಿಂದ ಬೆಸೆಯುವುದು ವಾಡಿಕೆ. ಮೂರ್ತಿಯ ಒಳಗು ಪೊಳ್ಳು. ಆವಿಗೆಯಲ್ಲಿ ಬಿರಿಯದಂತೆ ಬೆನ್ನಿನಲ್ಲಿ ಒಂದು ಕಿಂಡಿಯನ್ನು ಕೊಯ್ಯುತ್ತಿದ್ದರು. ತಲೆಯನ್ನು ಬೇರೆ ಅಚ್ಚಿನಿಂದ ತೆಗೆದು ಕೂಡಿಸುತ್ತಿದ್ದರು. ಬೀಸಣಿಗೆ, ಟೋಪಿ ಮೊದಲಾದುವನ್ನು ಕೈಯಿಂದ ಮಾಡಿ ಅಂಟಿಸುತ್ತಿದ್ದರು. ಸುಡುವ ಮೊದಲೇ ಮೈಗೆಲ್ಲ ಬಿಳಿಯ ಜೇಡಿಯ ಲೇಪವನ್ನು ಕೊಟ್ಟು, ಸುಟ್ಟ ಮೇಲೆ ಆ ಬಿಳುಪಿನ ಮೇಲೆ ಬಣ್ಣಗಳನ್ನು ಹಾಕುತ್ತಿದ್ದರು. ಮಂಜಿಷ್ಠದ ನಸುಗೆಂಪು, ಈಜಿಪ್ಟಿನ ನೀಲಿ, ಕೂದಲಿಗೆ ಕೆಂಗಂದು. ಲೂವ್ರ್ ಸಂಗ್ರಹದಲ್ಲಿರುವ 'ನೀಲಿಯುಡುಗೆಯ ಮಹಿಳೆ'ಯ ಮೇಲೆ ಈ ಬಣ್ಣಗಳೂ ಚಿನ್ನದ ಅಂಚೂ ಇಂದಿಗೂ ಉಳಿದಿವೆ.

ಈ ಕ್ರಮದಿಂದ ಎರಡು ಪರಿಣಾಮಗಳುಂಟಾದುವು. ಮೊದಲನೆಯದಾಗಿ, ಒಂದೇ ಮೈಯ ಅಚ್ಚಿಗೆ ಬೇರೆಬೇರೆ ತಲೆಗಳನ್ನು ಜೋಡಿಸಿ, ತಲೆಯನ್ನು ಸ್ವಲ್ಪ ಓರೆಮಾಡಿ, ಕೈಗೆ ಬೀಸಣಿಗೆ ಕೊಟ್ಟು, ಅನೇಕ ಮಹಿಳೆಯರಿದ್ದಾರೆಂಬ ಭ್ರಮೆಯನ್ನು ಹುಟ್ಟಿಸುವುದು ಸಾಧ್ಯವಾಯಿತು. ನೋಟಕ್ಕೆ ಹಲವರು, ಮೈಮಾದರಿ ಒಂದೇ. ಎರಡನೆಯದಾಗಿ, ಸಿದ್ಧವಾದ ಬೊಂಬೆಯ ಮೇಲೆ ಮತ್ತೆ ಅಚ್ಚು ತೆಗೆದು ಹೊಸ ಬೊಂಬೆಗಳನ್ನು ಮಾಡುವ ರೂಢಿ ಬೆಳೆಯಿತು. ಒಣಗಿ ಬೇಯುವಾಗ ಮಣ್ಣು ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುವುದರಿಂದ, ಪ್ರತಿಯ ಪ್ರತಿಯು ಚಿಕ್ಕದಾಗುತ್ತ, ಅದರ ಕಣ್ಣು ಮೂಗುಗಳು ಮಸುಕಾಗುತ್ತ ಹೋದುವು. ಭಂಗಿ ಮಾತ್ರ ಅಳಿಯಲಿಲ್ಲ. ಕೈಯಿಂದ ತಿದ್ದಿದ ಹಳೆಯ ಬೊಂಬೆಯಲ್ಲಿ ಕುಂಬಾರನು ಕಂಡ ಕೆಲಸವಿತ್ತು. ಅಚ್ಚಿನ ಬೊಂಬೆಯಲ್ಲಿ ಉಳಿದುದು ಸಮಾಜವು ಒಪ್ಪಿದ ನಿಲುವು.

೬

ಆ ನಿಲುವು ಎಂಥದು? ನೀಳವಾದ ಒಳ ಉಡುಪಿನ ಮೇಲೆ ಅಗಲವಾದ ಮೇಲುದವನ್ನು ತೋಳುಗಳ ಸಹಿತ ಸುತ್ತಿಕೊಂಡು, ಎಷ್ಟೋ ಸಲ ತಲೆಯ ಮೇಲೂ ಎಳೆದುಕೊಂಡು, ಅವಳು ನೋಟವನ್ನು ತಗ್ಗಿಸಿ ನಿಂತಿದ್ದಾಳೆ. ಕೈಗಳು ಬಟ್ಟೆಯೊಳಗೆ ಅಡಗಿವೆ. ಅಡಗಿದ ಕೈಗಳಿಂದ ಹಿಟ್ಟು ನಾದಲಾಗದು, ನೂಲಲಾಗದು, ಮಗುವನ್ನು ಎತ್ತಿಕೊಳ್ಳಲೂ ಆಗದು. ಕ್ರಿ. ಪೂ. ೩ನೆಯ ಶತಮಾನದಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಹೆರಾಕ್ಲಿಡಿಸ್ ಎಂಬ ಲೇಖಕನು ಥೀಬ್ಸಿನ ಹೆಂಗಸರ ಎತ್ತರವನ್ನೂ ನಡಿಗೆಯನ್ನೂ ಹೊಗಳಿ, ಅವರು ಬಿಳಿಯ ಉಡುಗೆಯನ್ನು ಕಣ್ಣುಗಳು ಮಾತ್ರ ಕಾಣುವಂತೆ ಮುಖದ ಮೇಲೆ ಸುತ್ತಿಕೊಳ್ಳುತ್ತಾರೆಂದು ಹೇಳಿದ್ದಾನೆ. ಬೊಂಬೆಗಳ ಉಡುಗೆ ಕುಂಬಾರನ ಕಲ್ಪನೆ ಮಾತ್ರವಲ್ಲವೆಂಬುದಕ್ಕೆ ಇದು ಪ್ರಮಾಣ.

ಬಿಯೋಷಿಯದವನೇ ಆದ ಇನ್ನೊಬ್ಬ ಲೇಖಕನು ಈ ಮುಸುಕಿನ ತಾತ್ಪರ್ಯವನ್ನು ಬಿಡಿಸಿ ಹೇಳುತ್ತಾನೆ. ಕೈರೊನಿಯದ ಪ್ಲೂಟಾರ್ಕನು ಕ್ರಿಸ್ತಶಕದ ಮೊದಲನೆಯ ಮತ್ತು ಎರಡನೆಯ ಶತಮಾನಗಳಲ್ಲಿ ಬಾಳಿದವನಾದರೂ ತನ್ನ ನಾಡಿನ ಹಳೆಯ ಆಚಾರಗಳನ್ನು ಬಲ್ಲವನು. ಬಿಯೋಷಿಯದಲ್ಲಿ ಮದುವಣಗಿತ್ತಿಗೆ ಮುಸುಕು ಹಾಕಿ ಮುಳ್ಳಿನ ಗಿಡವೊಂದರ ಹಾರವನ್ನು ತೊಡಿಸುತ್ತಿದ್ದರಂತೆ. ಮುಳ್ಳನ್ನು ಸಹಿಸಿದವನಿಗೆ ಸವಿಯಾದ ಫಲ ದೊರೆಯುವುದೆಂಬುದು ಅದರ ಅರ್ಥ. ಅವಳನ್ನು ಕರೆತಂದ ಗಾಡಿಯ ಅಚ್ಚುಮರವನ್ನು ಮನೆಯ ಬಾಗಿಲ ಮುಂದೆ ಸುಡುತ್ತಿದ್ದರಂತೆ. ಹಿಂದಿರುಗುವ ಸಾಧನವೇ ಇಲ್ಲವಾದುದರಿಂದ ಅವಳು ಇನ್ನು ಇಲ್ಲಿಯೇ ಇರತಕ್ಕವಳೆಂಬುದು ಇದರ ಅರ್ಥ. ಎಲಿಸ್ ಪಟ್ಟಣದಲ್ಲಿ ಫಿಡಿಯಸನು ನಿರ್ಮಿಸಿದ ಅಫ್ರೊಡೈಟಿ ದೇವಿಯ ವಿಗ್ರಹವು ಆಮೆಯ ಮೇಲೆ ಕಾಲಿಟ್ಟಿರುವುದಕ್ಕೂ, ಮನೆಯಲ್ಲಿರುವುದು ಮತ್ತು ಮೌನವಾಗಿರುವುದು ಸ್ತ್ರೀಯ ಧರ್ಮವೆಂಬ ವಿವರಣೆಯನ್ನೇ ಅವನು ಕೊಡುತ್ತಾನೆ. ಆಮೆಗೆ ತನ್ನ ಚಿಪ್ಪೇ ಮನೆ. ಮುಸುಕು ಹೊದ್ದು ಹೊರಬಂದ ಗೃಹಿಣಿಯೂ ತನ್ನ ಮನೆಯನ್ನು ಮೈಮೇಲೆ ಹೊತ್ತುಕೊಂಡೇ ಬಂದವಳು.

ಹೀಗೆ ನೋಡಿದಾಗ ಮೊದಲು ಕೇಳಿದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಕೆಲಸವು ಬೊಂಬೆಯಿಂದ ಮಾಯವಾಯಿತೇ ಹೊರತು ಮನೆಯಿಂದ ಮಾಯವಾಗಲಿಲ್ಲ. ರೊಟ್ಟಿಯು ಮೊದಲಿನಂತೆಯೇ ಬೇಯುತ್ತಿತ್ತು. ಹಿಟ್ಟನ್ನು ಮೊದಲಿನಂತೆಯೇ ಯಾರಾದರೊಬ್ಬ ಹೆಂಗಸು ನಾದುತ್ತಿದ್ದಳು. ಬದಲಾದುದು, ಸ್ತ್ರೀಯಲ್ಲಿ ಪ್ರದರ್ಶನಕ್ಕೆ ಯೋಗ್ಯವಾದುದು ಯಾವುದೆಂಬ ಅಭಿಪ್ರಾಯ. ಮೊದಲು ದುಡಿಮೆ ಪ್ರಶಂಸನೀಯವಾಗಿತ್ತು. ಆಮೇಲೆ ದುಡಿಯುವವಳೆಂದು ಕಾಣದಿರುವುದು ಪ್ರಶಂಸನೀಯವಾಯಿತು. ಹೆಸಿಯಡನು ಒಬ್ಬಳೇ ಪಂಡೋರಳಿಗೆ ಹೊರಿಸಿದ ಎರಡು ಹೊರೆಗಳನ್ನು ಕುಂಬಾರರು ಎರಡು ಕಾಲಗಳಲ್ಲಿ ಬಿಡಿಬಿಡಿಯಾಗಿ ತೋರಿಸಿದರು. ಬಾಳಿನಲ್ಲಿ ಅವೆರಡೂ ಒಟ್ಟಿಗೇ ಇದ್ದುವು.

೭

ಬೊಂಬೆಗಳನ್ನು ಮಾತ್ರ ನಂಬಿದರೆ ಎಷ್ಟು ತಪ್ಪು ಕಲ್ಪನೆ ಉಂಟಾಗುವುದೆಂಬುದಕ್ಕೆ ಇದೇ ನಾಡಿನ ಎರಡು ನಿದರ್ಶನಗಳು ಸಾಕು. ಕವಯಿತ್ರಿ ಕೊರಿನ್ನ ತನಾಗ್ರದವಳು. ಅವಳ ಕಾಲ ಕ್ರಿ. ಪೂ. ೫ನೆಯ ಶತಮಾನವೋ ೩ನೆಯ ಶತಮಾನವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಈಜಿಪ್ಟಿನ ಪಪೈರಸ್ ಹಾಳೆಗಳಲ್ಲಿ ಸಿಕ್ಕಿದ ಅವಳ ಕವಿತೆಯ ತುಣುಕೊಂದರಲ್ಲಿ, ಬಿಳಿಯುಡುಗೆಯ ತನಾಗ್ರದ ಹೆಂಗಸರಿಗಾಗಿ ತಾನು ಹಾಡುವೆನೆಂದೂ ತನ್ನ ದನಿಗೆ ಊರೇ ಹಿಗ್ಗಿತೆಂದೂ ಅವಳು ಹೇಳಿಕೊಂಡಿದ್ದಾಳೆ. ಕ್ರಿ. ಶ. ೨ನೆಯ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಪ್ರವಾಸಿ ಪೌಸೇನಿಯಸನು ಊರಿನ ಎದ್ದುಕಾಣುವ ಸ್ಥಳದಲ್ಲಿ ಅವಳ ಸ್ಮಾರಕವನ್ನೂ, ವ್ಯಾಯಾಮಶಾಲೆಯಲ್ಲಿ ಅವಳು ಗೆಲುವಿನ ಪಟ್ಟಿಯನ್ನು ತಲೆಗೆ ಕಟ್ಟಿಕೊಳ್ಳುತ್ತಿರುವ ಚಿತ್ರವನ್ನೂ ಕಂಡನು. ಮೌನದ ಬೊಂಬೆಗಳಿಗೆ ಹೆಸರಾದ ಊರು, ತನ್ನ ಹೆಮ್ಮೆಯೆಂದು ತೋರಿಸುತ್ತಿದ್ದುದು ಹಾಡಿದ ಹೆಂಗಸನ್ನು.

ಎರಡನೆಯ ನಿದರ್ಶನ ಶಾಸನದ್ದು. ಕ್ರಿ. ಪೂ. ೩ನೆಯ ಶತಮಾನದ ಕೊನೆಯ ಭಾಗದಲ್ಲಿ, ಎಂದರೆ ಮುಸುಕಿನ ಬೊಂಬೆಗಳು ಇನ್ನೂ ಪ್ರಚಾರದಲ್ಲಿದ್ದಾಗಲೇ, ಥೆಸ್ಪಿಯೆ ಪಟ್ಟಣದ ನಿಕಾರೆತ ಎಂಬ ಮಹಿಳೆ ಆರ್ಕೊಮೆನಸ್ ನಗರಕ್ಕೆ ಸಾಲ ಕೊಟ್ಟಿದ್ದಳು. ೧೭ ಸಾವಿರ ದ್ರಾಖ್ಮಗಳಿಗೂ ಮಿಕ್ಕ ಆ ಹಣವನ್ನು ನಗರವು ಸಕಾಲದಲ್ಲಿ ತೀರಿಸದಿರಲು ಅವಳು ಪಟ್ಟುಹಿಡಿದು ವಸೂಲುಮಾಡಿಕೊಂಡಳು. ಕರಾರುಗಳನ್ನೆಲ್ಲ ಕಲ್ಲಿನಲ್ಲಿ ಕೊರೆಯಲಾಗಿದೆ. ನ್ಯಾಯವಿಧಿಯಂತೆ ಅವಳ ಗಂಡನು ಪೋಷಕನಾಗಿ ಜೊತೆಯಲ್ಲಿದ್ದನೆಂಬುದೂ ಅದರಲ್ಲಿ ದಾಖಲಾಗಿದೆ. ಕಾನೂನಿನ ಕಟ್ಟು ಸಡಿಲವಾಗಿರಲಿಲ್ಲ. ಆದರೂ ಹಣ ಅವಳದು, ಹಟವೂ ಅವಳದು. ನಿಕಾರೆತಳನ್ನು ಹೋಲುವ ಬೊಂಬೆಯನ್ನು ತನಾಗ್ರದ ಅಚ್ಚುಗಳಲ್ಲಿ ಹುಡುಕುವುದು ವ್ಯರ್ಥ.

೮

ಬೊಂಬೆಯು ಒಡ್ಡುವ ಆದರ್ಶವನ್ನು ವಾಸ್ತವವೆಂದು ಭ್ರಮಿಸುವುದು ನಮ್ಮ ಕಾಲಕ್ಕೆ ಬಲು ಸಮೀಪದಲ್ಲಿಯೇ ನಡೆದಿದೆ. ೧೮೭೦ರಿಂದ ಈಚೆಗೆ ತನಾಗ್ರದ ಸಾವಿರಾರು ಗೋರಿಗಳನ್ನು ಬೊಂಬೆಗಳ ಆಸೆಯಿಂದ ಅಗೆದು ಸೂರೆಮಾಡಲಾಯಿತು. ೧೮೭೪ರಲ್ಲಿ ಅಥೆನ್ಸಿನ ಪುರಾತತ್ತ್ವ ಸಂಘದ ಪರವಾಗಿ ಸ್ಟಮಟಾಕಿಸ್ ಎಂಬ ವಿದ್ವಾಂಸರು ಶಾಸ್ತ್ರೀಯ ಉತ್ಖನನವನ್ನು ಆರಂಭಿಸುವ ವೇಳೆಗೆ ಬಹುಭಾಗ ಕೈಮೀರಿತ್ತು. ಯಾವ ಬೊಂಬೆ ಯಾರ ಗೋರಿಯಲ್ಲಿತ್ತೆಂಬ ಅಮೂಲ್ಯವಾದ ಮಾಹಿತಿ ಹೀಗೆ ನಷ್ಟವಾಯಿತು. ೧೮೭೮ರ ಪ್ಯಾರಿಸ್ ಪ್ರದರ್ಶನದಲ್ಲಿ ಇವು ಜನರ ಮನಸ್ಸನ್ನು ಸೂರೆಗೊಂಡುವು. ಬೇಡಿಕೆ ಹೆಚ್ಚಿದಂತೆ ನಕಲಿ ಬೊಂಬೆಗಳೂ ಹುಟ್ಟಿಕೊಂಡುವು. ಆ ಕಾಲದ ಯೂರೋಪಿನ ಅನುಕೂಲಸ್ಥ ಮನೆತನಗಳು ತಮ್ಮ ಮಹಿಳೆಯರಿಂದ ಬಯಸುತ್ತಿದ್ದ ನಯ, ಮೌನ, ವಿರಾಮಗಳೇ ಈ ಬೊಂಬೆಗಳಲ್ಲಿಯೂ ಕಂಡುವು. ಆದುದರಿಂದಲೇ ಹಿಟ್ಟು ನಾದುವ ಹಳೆಯ ಹೆಂಗಸಿಗೆ ದೊರೆಯದ ಮನ್ನಣೆ ಇವುಗಳಿಗೆ ದೊರೆಯಿತು. ಇಂದು ಉಷ್ಣದೀಪ್ತಿಯ ಪರೀಕ್ಷೆಯಿಂದ ಮಣ್ಣು ಎಂದು ಬೆಂದಿತೆಂಬುದನ್ನು ಅಳೆದು ನಕಲಿಗಳನ್ನು ಗುರುತಿಸಬಹುದಾಗಿದೆ. ಆದರ್ಶದ ನಕಲನ್ನು ಗುರುತಿಸುವ ಹೊಣೆ ಚರಿತ್ರಕಾರನದೇ.

ಮಣ್ಣಿನ ಈ ಚರಿತ್ರೆಗೆ ಈಚಿನ ಒಂದು ಅಧ್ಯಾಯವೂ ಇದೆ. ಅಮೆರಿಕದ ಕಲಾವಿದೆ ಜೂಡಿ ಷಿಕಾಗೊ ಅನೇಕ ಸಹಾಯಕರೊಡನೆ ನಿರ್ಮಿಸಿ ೧೯೭೯ರಲ್ಲಿ ಪ್ರದರ್ಶಿಸಿದ 'ಔತಣಕೂಟ' ಎಂಬ ಕೃತಿಯಲ್ಲಿ, ಊಟದ ಮೇಜನ್ನು ಅಣಿಗೊಳಿಸುವ ಗೃಹಿಣಿಯ ಕೆಲಸವನ್ನೇ ವಸ್ತುವನ್ನಾಗಿ ತೆಗೆದುಕೊಂಡು, ೩೯ ಮಂದಿ ಸ್ತ್ರೀಯರಿಗೆ ಪಿಂಗಾಣಿ ತಟ್ಟೆಗಳನ್ನು ಇಡಲಾಗಿದೆ. ಮೇಜಿನ ನಡುವಣ ನೆಲದ ಪಿಂಗಾಣಿ ಬಿಲ್ಲೆಗಳ ಮೇಲೆ ಇನ್ನೂ ೯೯೮ ಸ್ತ್ರೀಯರ ಹೆಸರುಗಳನ್ನು ಬರೆಯಲಾಗಿದ್ದು, ಅವುಗಳಲ್ಲಿ ತನಾಗ್ರದ ಕೊರಿನ್ನಳ ಹೆಸರೂ ಸೇರಿದೆ. ಬಡಿಸುವವಳೆಂದು ನಿರೀಕ್ಷಿಸಲ್ಪಟ್ಟವಳು ಇಲ್ಲಿ ಅತಿಥಿಯಾಗಿದ್ದಾಳೆ. ನ್ಯೂಯಾರ್ಕಿನ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿ ಈ ಕೃತಿಯಿದೆ.

ನಮ್ಮ ಶಾಸ್ತ್ರಕಾರರು ವಿಧಿವಾಕ್ಯವನ್ನೂ ವೃತ್ತಾಂತವನ್ನೂ ಬೇರ್ಪಡಿಸಿ ನೋಡುವ ವಿವೇಕವನ್ನು ಕಲಿಸಿದ್ದಾರೆ. ಹೀಗೆ ಮಾಡತಕ್ಕದ್ದು ಎಂಬ ಮಾತಿನಿಂದ ಹಾಗೆಯೇ ನಡೆಯಿತೆಂದು ತಿಳಿಯಲಾಗದು. ಮೇಲಾಗಿ, ಎಲ್ಲರೂ ತಾವಾಗಿಯೇ ನಡೆಯುವಂತಿದ್ದರೆ ವಿಧಿಯ ಅವಶ್ಯಕತೆಯೇ ಇರುತ್ತಿರಲಿಲ್ಲ. ಬಿಯೋಷಿಯದ ಸ್ತ್ರೀಬೊಂಬೆಗಳು ಮಣ್ಣಿನಲ್ಲಿ ಬರೆದ ವಿಧಿವಾಕ್ಯಗಳು. ಅವುಗಳನ್ನು ಆ ರೀತಿಯಲ್ಲಿ ಓದಿದಾಗ ಅವು ಅಮೂಲ್ಯವಾದ ಆಧಾರಗಳು; ವೃತ್ತಾಂತವೆಂದು ಓದಿದಾಗ ದಾರಿ ತಪ್ಪಿಸುವುವು. 'ನೀಲಿಯುಡುಗೆಯ ಮಹಿಳೆ'ಯ ಚಿತ್ರವನ್ನು ತರಗತಿಯಲ್ಲಿ ತೋರಿಸುವ ಅಧ್ಯಾಪಕರು, ಅದರ ಪಕ್ಕದಲ್ಲಿ ಮರಿಗೆಯ ಮೇಲೆ ಬಾಗಿದವಳ ಚಿತ್ರವನ್ನೂ ನಿಕಾರೆತಳ ಶಾಸನವನ್ನೂ ಇಡುವುದು ಯುಕ್ತ. ಮೂರನ್ನೂ ಕೂಡಿಸಿ ನೋಡುವ ವಿದ್ಯಾರ್ಥಿಗೆ ಬಿಯೋಷಿಯದ ಸ್ತ್ರೀಯ ಪೂರ್ಣಚಿತ್ರ ದೊರೆಯುವುದೆಂದು ಹೇಳಲಾಗದಿದ್ದರೂ, ಆ ಚಿತ್ರವನ್ನು ಯಾವ ಒಂದು ಅಚ್ಚಿನಿಂದಲೂ ತೆಗೆಯಲು ಬಾರದೆಂಬುದಾದರೂ ಮನದಟ್ಟಾಗುವುದು.